ಎಡಗಡೆಯ ಕ್ರ್ಯಾಂಕು

ಹಟಕ್ಕೆ ಬಹುಮಾನ ಕೊಡುವ ಪದ್ಧತಿ ಮಂಗಳೂರು ಜೆಪ್ಪಿನ ನಮ್ಮ ಓಣಿಯಲ್ಲಿ ಇದ್ದಿದ್ದರೆ ಅದು ವರ್ಷವರ್ಷವೂ ಪಕ್ಕದ ಮನೆಯ ಕಿನ್ನಿಗೇ ಹೋಗುತ್ತಿತ್ತು. ಅರವತ್ತು ದಾಟಿದ ಹೆಂಗಸು, ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ದಡ ಸೇರಿಸಿದವಳು. ಮಗಳು ಪ್ರಾಪ್ತಿ ಮದುವೆಯಾಗಿ ಹೋದ ಮೇಲೆ ಅವಳು ಶಾಲೆಗೆ ಹೋಗುತ್ತಿದ್ದ ಲೇಡೀಸ್ ಸೈಕಲ್ ಜಗಲಿಯಲ್ಲಿ ತುಕ್ಕು ಹಿಡಿಯುತ್ತಿತ್ತು. ಗಂಡ ಮಾಯಿಲಪ್ಪ ತೀರಿಕೊಂಡ ವರ್ಷ ಕಿನ್ನಿ ಅದನ್ನು ಅಂಗಳಕ್ಕೆ ಇಳಿಸಿ, ಆ ವಯಸ್ಸಿನಲ್ಲಿ ಸೈಕಲ್ ಕಲಿತಳು. ಕಲಿಯುವಾಗ ನನ್ನ ಕಂಪೌಂಡ್ ಗೋಡೆಗೆ ಎಷ್ಟು ಸಲ ಗುದ್ದಿದಳೋ ಲೆಕ್ಕವಿಲ್ಲ. ನಾನು ಬೈದರೆ, "ಗೋಡೆ ಗಟ್ಟಿ ಉಂಟು ಎಲೇನ್ ಬಾಯಿ, ನೀವು ಹೆದರಬೇಡಿ" ಎಂದಳು.

ಪ್ರತಿ ಶನಿವಾರ ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಟ್ಟು, ಮುಂದಿನ ವಾರಕ್ಕೆ ಎಲೆ, ಹೊಗೆಸೊಪ್ಪು ತರಬೇಕು. ಬ್ರಾಂಚ್ ಇರುವುದು ಬಸ್ಸು ಹೋಗದ ಒಳದಾರಿಯಲ್ಲಿ. ಮೊದಲು ಅದು ಮಾಯಿಲಪ್ಪನ ಕೆಲಸವಾಗಿತ್ತು. ಈಗ ಸೈಕಲ್ ಇದ್ದರೆ ಕಿನ್ನಿ ತನ್ನಷ್ಟಕ್ಕೆ ಹೋಗಿ ಬರುತ್ತಾಳೆ. ಇಲ್ಲದಿದ್ದರೆ ಬುಟ್ಟಿ ಇಟ್ಟುಕೊಂಡು ಇನ್ನೊಬ್ಬರ ದಾರಿ ಕಾಯಬೇಕು.

ಅಂಥ ಸೈಕಲ್ಲಿಗೆ ಈ ವರ್ಷ ಕಾಯಿಲೆ ಶುರುವಾಯಿತು. ಎಡಗಾಲು ಒತ್ತಿದಾಗಲೆಲ್ಲ ಟಕ್ ಎಂಬ ಸದ್ದು. ಕಿನ್ನಿಯ ಮನೆಯಲ್ಲಿ ತಲೆಗೂ ಬಾಗಿಲ ತಿರುಗಣಿಗೂ ಒಂದೇ ಮದ್ದು, ತೆಂಗಿನೆಣ್ಣೆ. ಅದನ್ನು ಪೆಡಲಿಗೆ ಹೊಯ್ದಳು. ಸದ್ದು ಹೋಗಲಿಲ್ಲ. ಪೆಡಲನ್ನು ಹೊತ್ತ ಕಬ್ಬಿಣದ ತೋಳಾದ ಕ್ರ್ಯಾಂಕಿನ ಬುಡದ ನಟ್ಟನ್ನು ಅದರ ಥ್ರೆಡ್ ಸವೆಯುವಷ್ಟು ಬಿಗಿದಳು. ಆಮೇಲೆ ಮನೆಯೊಳಗೆ ಕೂತು ಏನೋ ವಿದ್ಯೆ ಮಾಡಿದಳು, ಸದ್ದು ಪೂರ್ತಿ ನಿಂತಿತು. ನನ್ನ ಮುಂದೆ ಬೀಗಿದ್ದೇ ಬೀಗಿದ್ದು. ಎರಡು ದಿನ ಕಳೆಯುವಷ್ಟರಲ್ಲಿ ಏರಿನಲ್ಲಿ ಕ್ರ್ಯಾಂಕು ಜಾರಿ, ಬಿದ್ದು ಮೊಣಕಾಲು ತರಚಿಸಿಕೊಂಡಳು.

ಮಗ ರೋಷನ್ ದುಬಾಯಿಯಿಂದ ರಜೆಯಲ್ಲಿ ಬಂದಿದ್ದ. ಒಳ್ಳೆಯ ಹುಡುಗನೇ, ಆದರೆ ರಜೆಯಲ್ಲಿ ಬಂದವರಿಗೆ ಮನೆಯನ್ನು ಸರಿ ಮಾಡುವ ಚಪಲ ಜಾಸ್ತಿ.

"ಸಾಕಮ್ಮ. ಶನಿವಾರ ಗುಜರಿಯವನಿಗೆ ಬರ್ಲಿಕ್ಕೆ ಹೇಳಿದ್ದೇನೆ" ಎಂದ.

"ಶನಿವಾರ ನನಗೆ ಬ್ರಾಂಚಿಗೆ ಹೋಗ್ಲಿಕ್ಕೆ ಉಂಟು" ಎಂದಳು ಕಿನ್ನಿ.

ಶುಕ್ರವಾರ ಬೆಳಿಗ್ಗೆ ಅವಳು ಕುಂಟುತ್ತಾ ಸೈಕಲ್ ತಳ್ಳಿಕೊಂಡು ಹೊರಟಾಗ ನನಗೆ ನೋಡಲಾಗಲಿಲ್ಲ. ಗೊಣಗುತ್ತಲೇ ಹ್ಯಾಂಡಲ್ ಹಿಡಿದು ಪಂಪ್‌ವೆಲ್‌ವರೆಗೆ ನಡೆದೆ. ಅಲ್ಲಿ ಉಮರಬ್ಬನ ಸೈಕಲ್ ಅಂಗಡಿ. ನೋಡಿದರೆ ಆ ಮನುಷ್ಯನ ಬಲಗೈ ಕುತ್ತಿಗೆಯ ಪಟ್ಟಿಯಲ್ಲಿ ನೇತಾಡುತ್ತಿದೆ!

"ಭುಜದ ಆಪರೇಷನ್ ಆಯ್ತು ಕಿನ್ನಿಯಕ್ಕ. ಸುತ್ತಿಗೆ ಮುಟ್ಲಿಕ್ಕಿಲ್ಲ. ಮುಂದಿನ ತಿಂಗಳು ಬನ್ನಿ."

"ನೀವು ಮುಟ್ಟಬೇಡಿ ಉಮರಬ್ಬಣ್ಣ. ಎಂತ ಮಾಡ್ಬೇಕಂತ ಹೇಳಿ. ಕೈ ನನ್ನದು."

ಅವರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

ಉಮರಬ್ಬ ಹೇಳಿದಂತೆ ಬಲಗಡೆಯ ಕ್ರ್ಯಾಂಕನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ, ಕಿನ್ನಿ ಎಡಗಡೆಯದನ್ನು ಅಲ್ಲಾಡಿಸಿದಳು. ನನ್ನದು ಮಿಸುಕಲಿಲ್ಲ. ಅವಳದು ಮಾತ್ರ ಹಾಲುಹಲ್ಲಿನ ಹಾಗೆ ಅಲ್ಲಾಡಿತು.

"ಎರಡೂ ಒಟ್ಟಿಗೆ ಅಲ್ಲಾಡಿದ್ರೆ ಒಳಗಿನ ಆಕ್ಸಲ್ ನೋಡ್ಬೇಕಿತ್ತು. ಇದು ಎಡದ್ದು ಮಾತ್ರ. ಕ್ರ್ಯಾಂಕನ್ನು ಆಕ್ಸಲಿಗೆ ಹಿಡಿಸುವ ಪಿನ್ ಸವೆದಿದೆ. ಅದನ್ನು ತೆಗೀರಿ" ಎಂದರು ಉಮರಬ್ಬ.

ತೆಗೆಯುವುದು ಬಾಯಿಮಾತಲ್ಲ. ಪೆಟ್ಟು ಒಳಗಿನ ಬೇರಿಂಗಿಗೆ ತಾಗದಂತೆ ಕ್ರ್ಯಾಂಕಿನ ಅಡಿಗೆ ಕಬ್ಬಿಣದ ಪೈಪ್ ಕೊಟ್ಟು, ಮೇಲಿನಿಂದ ಬಡಿಯಬೇಕು. ಕಿನ್ನಿ ನಟ್ಟು ಬಿಚ್ಚಿ ಬಡಿದಳು. ಪಿನ್ ಜಗ್ಗಲಿಲ್ಲ. ಸೀಮೆಎಣ್ಣೆ ಬಿಟ್ಟು, ಒಂದೊಂದು ಚಾ ಕುಡಿದು ಮತ್ತೆ ಬಡಿದಳು. ಆಗಲೂ ಇಲ್ಲ. ಬಸ್ಸಿನ ಹಾರ್ನು, ಧೂಳು, ನೆತ್ತಿ ಸುಡುವ ಬಿಸಿಲು. ಪೈಪ್ ಹಿಡಿದು ನನ್ನ ಸೊಂಟ ಬಿದ್ದುಹೋಗಿತ್ತು. "ಬಿಡು ಮಾರಾಯ್ತಿ, ಹೋಗುವ" ಎಂದೆ.

"ನೀವು ಬೇಕಾದ್ರೆ ಹೋಗಿ" ಎಂದಳು, ತಲೆಯನ್ನೂ ಎತ್ತದೆ. ಸಿಟ್ಟು ಬಂತು ನನಗೆ. ಆದರೂ ಪೈಪ್ ಬಿಡಲಿಲ್ಲ.

ಸೆರಗನ್ನು ಸೊಂಟಕ್ಕೆ ಇನ್ನೊಮ್ಮೆ ಬಿಗಿದು ಅವಳು ಕೊಟ್ಟ ಪೆಟ್ಟಿಗೆ ಪಿನ್ ಕೊನೆಗೂ ಕಳಚಿ ಬಿತ್ತು. ಅದರ ಜೊತೆ ಎಣ್ಣೆಯಲ್ಲಿ ನೆನೆದ ಕಪ್ಪು ಮುದ್ದೆಯೊಂದು ಹೊರಬಂತು. ಉಮರಬ್ಬ ಎಡಗೈಯಲ್ಲಿ ಅದನ್ನೆತ್ತಿ ಎಳೆದು ನೋಡಿದರು. ನೂಲು.

"ಇದೆಂತ ಕಿನ್ನಿಯಕ್ಕ? ಕ್ರ್ಯಾಂಕನ್ನೂ ಬೀಡಿ ಅಂತ ಕಟ್ಟಿದ್ದೀರಾ?"

ಮನೆಯೊಳಗೆ ನಡೆದ ವಿದ್ಯೆ ಇದೇ. ನಟ್ಟು ಬಿಚ್ಚಿದಾಗ ಸುಲಭವಾಗಿ ಕೈಗೆ ಬಂದ ಸಡಿಲ ಪಿನ್ನಿಗೆ ಬೀಡಿ ನೂಲು ಸುತ್ತಿ ಒಳಗೆ ತುರುಕಿದ್ದಳು; ಏರಿನಲ್ಲಿ ಕ್ರ್ಯಾಂಕು ಜಾರಿದಾಗ ಅದು ಬಾಗಿ ಒಳಗೇ ಸಿಕ್ಕಿಕೊಂಡಿತ್ತು. ಬೀಡಿಯನ್ನು ಬಿಗಿಹಿಡಿಯುವ ನೂಲು ಅವಳ ಮೈಭಾರವನ್ನು ಎಷ್ಟು ಹೊತ್ತು ಹಿಡಿದೀತು? ನಾನು ಬಿದ್ದು ಬಿದ್ದು ನಕ್ಕೆ. ಕಿನ್ನಿಯ ಮುಖ ಕೆಂಪಾಯಿತು, ಬಾಯಿ ಮಾತ್ರ ಸೋಲಲಿಲ್ಲ. "ಸದ್ದು ನಿಂತಿತ್ತಲ್ಲ!"

"ಸದ್ದು ನಿಂತದ್ದೇ ಕಷ್ಟ ಅಕ್ಕ. ಸದ್ದು ಇದ್ದಿದ್ರೆ ನೀವು ಏರಿನಲ್ಲಿ ಅಷ್ಟು ಒತ್ತುತ್ತಿರಲಿಲ್ಲ."

ಕಿನ್ನಿ ಹೊಸ ಪಿನ್ ತೆಗೆದುಕೊಂಡು ಕಬ್ಬಿಣ ಉಜ್ಜುವ ಅರ ಹಿಡಿದು ಕೂತಳು. ಅದರ ಚಪ್ಪಟೆ ಮುಖವನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ, ತೂತಿಗೆ ಹಾಕಿ ನೋಡಿ, ಮತ್ತೆ ಉಜ್ಜಬೇಕು. ಜಾಸ್ತಿ ಉಜ್ಜಿದರೆ ಪಿನ್ ದಂಡ. ಬೀಡಿಯ ಎಲೆ ಕತ್ತರಿಸಿ ಪಳಗಿದ ಕೈ, ಅವಸರ ಮಾಡಲಿಲ್ಲ. ಪಿನ್ ಸರಿಯಾಗಿ ಕೂತ ಮೇಲೆ ಬಡಿದು, ಹೊಸ ನಟ್ಟು ಬಿಗಿದಳು. ಉಮರಬ್ಬ ಒಂದು ಸುತ್ತು ಹೊಡೆದು ಬರಲು ಹೇಳಿದರು, ಹೊಸ ಪಿನ್ ತುಳಿದ ಮೇಲೆ ಒಂಚೂರು ಒಳಗೆ ಹೋಗುತ್ತದಂತೆ. ಹೋಗಿ ಬಂದು ಇನ್ನೊಮ್ಮೆ ಬಡಿದು ಬಿಗಿದಳು.

ಶನಿವಾರ ಗುಜರಿಯವನು ಗಾಡಿ ತಳ್ಳಿಕೊಂಡು ಬಂದೇಬಿಟ್ಟ. ಕಿನ್ನಿ ಬೀಡಿಯ ಬುಟ್ಟಿ ಹಿಡಿದು ಅಂಗಳದಲ್ಲಿದ್ದಳು. ರೋಷನ್ ಬ್ರೇಕ್ ಬಿಗಿಹಿಡಿದು ಎಡ ಪೆಡಲಿನ ಮೇಲೆ ನಿಂತು, ತನ್ನ ಭಾರವನ್ನೆಲ್ಲ ಹಾಕಿ ನೋಡಿದ. ಕ್ರ್ಯಾಂಕು ಕದಲಲಿಲ್ಲ.

"ಸರಿ ಆಗಿದೆ, ಒಪ್ತೇನೆ. ಆದ್ರೂ ನಿನಗೆ ಯಾಕಮ್ಮ ಈ ಕಷ್ಟ? ನಾನಿದ್ದೇನಲ್ಲ, ಬೈಕಲ್ಲಿ ಬಿಡ್ತೇನೆ."

"ನೀನು ಮುಂದಿನ ತಿಂಗಳು ಹೋಗ್ತಿ ಮಗಾ" ಎಂದಳು ಕಿನ್ನಿ. "ನಿನ್ನ ಅಪ್ಪ ಹೋದ ಮೇಲೆ ಈ ಬುಟ್ಟಿ ಹಿಡ್ಕೊಂಡು ಓಣಿಯ ಮನೆಮನೆ ಬಾಗಿಲಲ್ಲಿ ನಿಂತಿದ್ದೇನೆ. ಇವತ್ತು ಬ್ರಾಂಚಿಗೆ ಹೋಗ್ತೀರಾ, ನನ್ನದೂ ಕೊಂಡುಹೋಗ್ತೀರಾ ಅಂತ ಕೇಳ್ಲಿಕ್ಕೆ. ಕೆಲವರು ಒಳಗಿದ್ದೂ ಬಾಗಿಲು ತೆಗೀಲಿಲ್ಲ. ಇನ್ನು ನಾನು ಯಾರ ಬಾಗಿಲಲ್ಲೂ ನಿಲ್ಲುವುದಿಲ್ಲ."

ರೋಷನ್ ಗುಜರಿಯವನಿಗೆ ಹೋಗು ಎಂದು ಕೈಸನ್ನೆ ಮಾಡಿದ. ಅಮ್ಮನ ಕೈಯಿಂದ ಬುಟ್ಟಿ ತೆಗೆದುಕೊಂಡು ಕ್ಯಾರಿಯರಿನ ಮೇಲಿಟ್ಟು, ಹಗ್ಗ ಸುತ್ತಿ ಗಂಟು ಹಾಕಿದ. ಕಿನ್ನಿ ಆ ಗಂಟು ಬಿಚ್ಚಿ, ತಾನೇ ಇನ್ನೊಮ್ಮೆ ಕಟ್ಟಿಕೊಂಡು, ಹತ್ತಿ ಹೊರಟಳು.