ಮುಖ್ಯ ಅತಿಥಿಯಾದ ಎಕೋ ಡಬ್ಬಿ

ನಮ್ಮ ಕಡೆ ಎಕೋ ಇಲ್ಲದೆ ಯಾರೂ ಮೈಕಿನ ಮುಂದೆ ಬಾಯಿ ಬಿಡುವುದಿಲ್ಲ. ಮದುವೆಯಲ್ಲಿ ಊಟಕ್ಕೆ ಕರೆಯುವವನಿಗೂ ಎಕೋ ಬೇಕು, ಕಳೆದುಹೋದ ಎಮ್ಮೆಯ ಸುದ್ದಿ ಸಾರುವವನಿಗೂ ಎಕೋ ಬೇಕು. ‘ಬರ್ರಿ’ ಅಂದರೆ ಅದು ಮೂರು ಸಲ ಕೇಳಿಸಬೇಕು; ಇಲ್ಲದಿದ್ದರೆ ಮೈಕ್‌ಸೆಟ್‌ನವನಿಗೆ ಕೆಲಸ ಬರುವುದಿಲ್ಲ ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಚಿತ್ತಾಪುರದಲ್ಲಿ ಮೈಕ್‌ಸೆಟ್ ಇಟ್ಟಿರುವ ನನ್ನ ಅಕ್ಕನ ಗಂಡ ಈ ವಿದ್ಯೆಯಲ್ಲಿ ಮಹಾಪಂಡಿತ. ಸೇಡಂನಿಂದ ವಾಡಿಯವರೆಗೆ ಆತ ಗದ್ದಲ ಎಬ್ಬಿಸದ ಚಪ್ಪರವಿಲ್ಲ. ಆತನಿಗೆ ಕಿವಿ ಇರುವುದು ಕನ್ನಡಕ ಸಿಕ್ಕಿಸಲಿಕ್ಕೆ ಮಾತ್ರ ಎಂದು ನಾನು ಎಂದೋ ಲೆಕ್ಕ ಹಾಕಿದ್ದೆ.

ನಾನು ಶಹಾಬಾದಿನ ಮನೆಯ ಒಂದು ಕೋಣೆಯಲ್ಲಿ ರೆಕಾರ್ಡಿಂಗ್ ಹುಚ್ಚು ಹಚ್ಚಿಕೊಂಡವನು. ನೆಲ, ಗೋಡೆ ಎಲ್ಲ ನಮ್ಮೂರ ಕಲ್ಲೇ ಆದ್ದರಿಂದ ಕೋಣೆ ತಾನಾಗಿಯೇ ಗುಂಯ್‌ಗುಡುತ್ತದೆ. ಅದನ್ನು ಅಡಗಿಸಲು ಮನೆಯಲ್ಲಿ ಹೊದೆಯುವ ದಪ್ಪ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕಿದ್ದೆ. ಮೇಜಿನ ಮೇಲೆ ಎರಡು ಹಳೆಯ ಡಬ್ಬಿಗಳು. ಒಂದು, ದನಿಯ ಕರ್ಕಶ ತಗ್ಗಿಸುವ ಈಕ್ವಲೈಜರ್. ಇನ್ನೊಂದು ಕಂಪ್ರೆಸರ್, ಜೋರಾದದ್ದನ್ನು ಅದುಮಿ, ಮೆಲ್ಲಗಿದ್ದದ್ದನ್ನು ಎತ್ತಿ ಹಿಡಿಯುವಂಥದ್ದು. ಎಕೋ ಬೇಕೇ ಬೇಕೆಂದರೆ ಇವೆರಡೂ ಆದ ಮೇಲೆ, ಕೊನೆಗೆ, ಚಿಟಿಕೆಯಷ್ಟು. ಮೊದಲೇ ಹಾಕಿದರೆ ಕಂಪ್ರೆಸರ್ ಆ ಎಕೋವನ್ನೂ ಎತ್ತಿ ದನಿಯ ಸಮಕ್ಕೆ ನಿಲ್ಲಿಸುತ್ತದೆ. ಒಮ್ಮೆ ಹೀಗೆ ರೆಕಾರ್ಡ್ ಆದದ್ದನ್ನು ಬೇರ್ಪಡಿಸುವುದು ಸಾರಿಗೆ ಬಿದ್ದ ಉಪ್ಪನ್ನು ಹೆಕ್ಕಿದಂತೆ. ಇಷ್ಟು ತಿಳಿಯಲು ಪಂಡಿತನಾಗಬೇಕಿಲ್ಲ.

ಅವ್ವನ ಗಂಟಲಲ್ಲಿ ಗಡ್ಡೆ ಕಂಡಿತು. ಜೀವಕ್ಕೇನೂ ಭಯವಿಲ್ಲ, ಆದರೆ ಆಪರೇಷನ್ ಆದ ಮೇಲೆ ದನಿ ಮೊದಲಿನಂತೆ ಇರಲಿಕ್ಕಿಲ್ಲ ಎಂದು ಕಲಬುರಗಿಯ ಡಾಕ್ಟರು ಮುಂಚೆಯೇ ಹೇಳಿದರು. ಮೊದಲ ಮಾತು ಆಕೆಯ ತಲೆಗೆ ಹೋಗಲೇ ಇಲ್ಲ.

‘ಐನಾಪುರದಾಗ ನಮ್ಮವ್ವ ಕಲಿಸಿದ್ದು ಏಳು ಸೋಬಾನ ಪದ ಅವ. ನನ್ನ ದನಿ ಇರೂತನ ಹಿಡದಿಡಪಾ,’ ಅಂದಳು.

ಅಕ್ಕನಾಗಲಿ ನಾನಾಗಲಿ ಅವನ್ನು ಕಲಿಯುವ ತಾಪತ್ರಯ ತೆಗೆದುಕೊಂಡಿರಲಿಲ್ಲ. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಕೂತೆವು. ಅಷ್ಟರಲ್ಲಿ ಅಕ್ಕನ ಗಂಡ ತನ್ನ ಎಕೋ ಡಬ್ಬಿಯನ್ನು ಟವೆಲ್‌ನಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಬಂದ. ಅದಕ್ಕೆ ವಿಭೂತಿ ಬೇರೆ ಬಳಿದಿದ್ದ. ಬಂದವನೇ ನಾನು ಜೋಡಿಸಿದ್ದ ವೈರುಗಳನ್ನು ಕಿತ್ತು, ಮೈಕಿನ ವೈರನ್ನು ನೇರ ಎಕೋಗೆ ಸಿಕ್ಕಿಸಿದ, ಎಕೋದ ಬೆನ್ನಿಗೆ ಉಳಿದವನ್ನು.

‘ಮಾಮಾ, ಎಕೋ ಕಡೀಕ ಇರಲ್ರಿ,’ ಅಂದೆ.

‘ಸ್ಟೇಜ್ ಮ್ಯಾಗ ಮೊದಲ ಹಾರ ಯಾರಿಗಿ ಹಾಕ್ತಾರ? ಮುಖ್ಯ ಅತಿಥಿಗಿ ಹೌದಿಲ್ಲ? ಇವಾ ಮುಖ್ಯ ಅತಿಥಿ. ಹಿಂದ ಕುಂದ್ರಿಸಿದ್ರ ಏನ್ ಮರ್ಯಾದಿ ಉಳೀತದ?’

ವೈರಿನಲ್ಲಿ ಹರಿಯುವ ದನಿಗೂ ಸನ್ಮಾನದ ಪಟ್ಟಿ ಹಚ್ಚುವ ತಲೆಯದು! ಒಳಗೊಳಗೇ ನಕ್ಕೆ, ಬಾಯಿ ಮಾತ್ರ ಮುಚ್ಚಿಕೊಂಡೆ. ನಮ್ಮಲ್ಲಿ ಅಳಿಯ ಬಂದರೆ ಮನೆಗೆ ಮನೆಯೇ ಎದ್ದು ನಿಲ್ಲುತ್ತದೆ. ಹಿಂದೊಮ್ಮೆ ಪಂಕ್ತಿಯಲ್ಲಿ ತನ್ನ ಎಲೆಗೆ ತುಪ್ಪ ತಡವಾಗಿ ಬಂತೆಂದು ಈ ಮಹಾಶಯ ಅಕ್ಕನನ್ನು ಮೂರು ತಿಂಗಳು ತವರಿಗೆ ಕಳಿಸಿರಲಿಲ್ಲ. ಇದ್ದ ಒಂದು ಹೆಡ್‌ಫೋನ್ ಕೂಡ ಆತನ ತಲೆ ಏರಿತು.

ಅವ್ವ ಏಳೂ ಪದ ಹಾಡಿದಳು. ಮಗಳನ್ನು ಗಂಡನ ಮನೆಗೆ ಕಳಿಸುವ ಪದದ ನಡುವೆ ಆಕೆ ಒಂದು ಕಡೆ ಬೇಕೆಂದೇ ತಡೆಯುತ್ತಾಳೆ. ಹಾಡು ಮುಗಿಯಿತೇನೋ ಅನ್ನಿಸುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮುಂದಿನ ಸಾಲು ಎತ್ತಿಕೊಳ್ಳುತ್ತಾಳೆ. ಚಿಕ್ಕಂದಿನಲ್ಲಿ ಆ ಜಾಗ ಬಂದರೆ ನನಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಅಂದೂ ಹಾಗೆಯೇ ಆಯಿತು. ಅದೇ ಹೊತ್ತಿಗೆ ಹೆಡ್‌ಫೋನಿನ ಪಂಡಿತ ಕಣ್ಣು ಮುಚ್ಚಿ ‘ಭಲೆ ಭಲೆ’ ಎಂದು ಕೈಯಾಡಿಸಿದ. ಆಕೆ ಸುಮ್ಮನಿದ್ದಾಗ ಆತನಿಗೆ ಏನು ಕೇಳಿಸುತ್ತಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮುಗಿದ ಮೇಲೂ ನಾನು ಹಾಕಿ ಕೇಳಲಿಲ್ಲ. ಕೇಳಿದ್ದರೆ ಇನ್ನೊಮ್ಮೆ ಹಾಡಿಸಬೇಕಿತ್ತು, ಅಳಿಯನೆದುರು ಕಾರಣ ಹೇಳಬೇಕಿತ್ತು. ಆಮೇಲೆ ಏನಾದರೂ ತಿದ್ದೋಣ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಆಸ್ಪತ್ರೆಯ ಚೀಲ ತುಂಬತೊಡಗಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ದನಿ ಮಾತ್ರ ಬರಲಿಲ್ಲ. ಬಂದದ್ದು ಬರೀ ಗಾಳಿ. ಅಕ್ಕನ ಗಂಡ ಆ ರೆಕಾರ್ಡಿಂಗನ್ನು ಮೊಬೈಲಿನಲ್ಲಿ ತುಂಬಿಕೊಂಡು ಹೋಗಿ ಚಿಂಚೋಳಿಯ ಮದುವೆಯೊಂದರಲ್ಲಿ ಹಾಕಿ, ಜನ ಹುಚ್ಚಾಗಿ ಕೇಳಿದರೆಂದು ಫೋನ್ ಮಾಡಿ ಹೇಳಿದ. ಕೇಳಿರುತ್ತಾರೆ. ಬಾವಿಯಲ್ಲಿ ಬಿದ್ದವಳು ಕೂಗಿದಂತಿದ್ದರೂ ಎಕೋ ಇದ್ದರೆ ಸಾಕು ನಮ್ಮ ಜನಕ್ಕೆ.

ಒಂದು ತಿಂಗಳಾದ ಮೇಲೆ ಅವ್ವ ಪಿಸುಗುಟ್ಟುತ್ತಲೇ ತನ್ನ ಪದ ಕೇಳಿಸು ಅಂದಳು. ಕೌದಿಗಳ ನಡುವೆ ಕೂಡಿಸಿ ಹಾಕಿದೆ. ಮಗಳನ್ನು ಕಳಿಸುವ ಪದ ಬಂತು. ಆಕೆ ತಡೆದ ಜಾಗದಲ್ಲಿ ಹಿಂದಿನ ಸಾಲಿನ ಬಾಲ ಎದ್ದು ಬಂದು ಕೋಣೆ ತುಂಬ ಬೊಬ್ಬೆ ಹಾಕಿತು. ಆಕೆ ಕೈ ಎತ್ತಿ ನಿಲ್ಲಿಸಿದಳು.

‘ನಾ ಸುಮ್ಮ ಇದ್ದ ಜಾಗಾ ಎಲ್ಲಿ ಹೋತು?’

ಡಬ್ಬಿಗಳ ಸಾಲು ತಪ್ಪಿತ್ತು ಎಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ಮುಖ್ಯ ಅತಿಥಿಯ ಮಾತು, ವಿಭೂತಿ, ಆ ಮನುಷ್ಯನ ಕಿವಿ, ಒಂದನ್ನೂ ಬಿಡದೆ ಬೈದೆ. ಆಕೆ ಕೊನೆಯವರೆಗೆ ಕೇಳಿಸಿಕೊಂಡಳು.

‘ಅವರಿಗಿ ಗೊತ್ತಿದ್ದಿಲ್ಲ, ಮಾಡ್ಯಾರ,’ ಅಂದಳು. ಅಷ್ಟಕ್ಕೇ ಆಕೆಗೆ ಎರಡು ಸಲ ಉಸಿರು ಬೇಕಾಯಿತು. ‘ನಿನಗ ಗೊತ್ತಿತ್ತಲ್ಲ?’