ಗಾದ್ರಮ್ಮನ ಕ್ಯಾನ್ವಾಸ್ ಬೂಟು

ಬಿಳಿಚೋಡಿನ ಗಾದ್ರಮ್ಮನಷ್ಟು ವೇಗವಾಗಿ ಓಡುವವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ಅದನ್ನು ಯಾರೂ ಹೊಗಳಿಕೆಯಾಗಿ ಹೇಳುತ್ತಿರಲಿಲ್ಲ. ಹಿಂಡು ಬಿಟ್ಟು ಓಡಿದ ಟಗರನ್ನು ಹಿಡಿಯಬೇಕಾದಾಗ ಅವಳ ಹೆಸರು ಕೂಗುತ್ತಿದ್ದರು, ಅಷ್ಟೇ. ಗಂಡ ದುರುಗಪ್ಪ ಮದುವೆಯಾದ ಮೂರನೆಯ ವರ್ಷ ಹಾವು ಕಚ್ಚಿ ತೀರಿಕೊಂಡಿದ್ದ. ಉಳಿದದ್ದು ನಲವತ್ತು ಕುರಿ ಮತ್ತು ಅತ್ತೆ ಭೀಮಕ್ಕ. ಕುರಿಗಳು ಭೀಮಕ್ಕನವು, ಕಾಯುವ ಕೆಲಸ ಗಾದ್ರಮ್ಮನದು. ಮಲಗುವುದೂ ಕುರಿಹಟ್ಟಿಯ ಬಾಗಿಲಲ್ಲೇ. ಏಳನೆಯ ತರಗತಿ ಪಾಸು ಮಾಡಿದ ಹೆಣ್ಣುಮಗಳು ಅವಳು ಎಂಬುದು ಊರಿಗೆ ಮರೆತೇ ಹೋಗಿತ್ತು.

ಸಾವಿರದ ಒಂಬೈನೂರ ಎಂಬತ್ತನೆಯ ಇಸವಿ. ಅಂಚೆ ಕಚೇರಿಯ ಗೋಡೆಗೆ ಯಾರೋ ಒಂದು ಪ್ರಕಟಣೆ ಅಂಟಿಸಿ ಹೋಗಿದ್ದರು. ಹೊನ್ನಾಳಿಯ ಹೊರಗೆ ಹೊಸದೊಂದು ಖಾಸಗಿ ನೂಲಿನ ಗಿರಣಿ ಶುರುವಾಗಲಿತ್ತು. ಕೆಲಸದ ಹೆಂಗಸರನ್ನು ಗೇಟಿನಲ್ಲಿ ತಪಾಸಣೆ ಮಾಡಲು ಆರು ಮಂದಿ ಹೆಣ್ಣು ಕಾವಲುಗಾರರು ಬೇಕಾಗಿದ್ದರು. ಮೈದಾನವನ್ನು ಎರಡು ಸುತ್ತು ಓಡಿ ಮೊದಲು ಬಂದ ಆರು ಜನರಿಗೆ ಸಂಬಳ, ಸಮವಸ್ತ್ರ, ಗಿರಣಿಯ ಆವರಣದಲ್ಲೇ ಒಂದು ಕೋಣೆ. ಕೊನೆಯಲ್ಲಿ ದಪ್ಪ ಅಕ್ಷರದ ಒಂದು ಸಾಲಿತ್ತು: ಬೂಟು ಧರಿಸಿಯೇ ಓಡತಕ್ಕದ್ದು.

ಗಾದ್ರಮ್ಮ ಅದನ್ನು ನಾಲ್ಕು ಸಲ ಓದಿದಳು. ಸಂಬಳಕ್ಕಿಂತ ಅವಳ ಮನಸ್ಸು ನಿಂತದ್ದು ಆ ಕೋಣೆಯ ಮೇಲೆ. ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಬಹುದಾದ ಜಾಗವೊಂದು ತನಗೂ ಸಿಗಬಹುದು ಎಂದು ಅವಳು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಓಟಕ್ಕೆ ಹತ್ತು ದಿನ ಮುಂಚೆ, ಉಣ್ಣೆ ನೂತು ಕೂಡಿಟ್ಟ ಹಣವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಜಗಳೂರಿಗೆ ಹೋದಳು. ಬಸ್ ನಿಲ್ದಾಣದ ಎದುರು ಕಲ್ಲೇಶಪ್ಪನ ಅಂಗಡಿ. ಶಾಲೆ ಮಕ್ಕಳ ಬಟ್ಟೆ, ಕೊಡೆ, ಬೂಟು ಎಲ್ಲವೂ ಅಲ್ಲಿ ಸಿಗುತ್ತಿದ್ದವು.

"ಬೂಟು ಬೇಕಾಗಿತ್ರೀ ಸಾವ್ಕಾರ್ರೆ. ಓಡೋ ಬೂಟು."

"ಯಾರಿಗವ್ವ?"

"ನನಗೇ ರೀ."

ಕಲ್ಲೇಶಪ್ಪ ಕನ್ನಡಕ ಸರಿಸಿ, ಹೆಗಲ ಮೇಲೆ ಕುರಿಗಾರರ ಕಂಬಳಿ ಹೊದ್ದಿದ್ದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿನಗೊಂದೇ ಜೊತೆ ಸಾಕೋ, ಕುರಿಗಳಿಗೂ ನಾಲ್ಕ್ನಾಲ್ಕು ಕಟ್ಟಿ ಕೊಡ್ಲೋ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗಾದ್ರಮ್ಮ ಕದಲಲಿಲ್ಲ. ನಕ್ಕು ಮುಗಿದ ಮೇಲೆ ಕಲ್ಲೇಶಪ್ಪ ಎರಡು ಜೊತೆ ಬಿಳಿ ಕ್ಯಾನ್ವಾಸ್ ಬೂಟು ತೆಗೆದು ಮುಂದಿಟ್ಟ. ಒಂದರ ರಬ್ಬರ್ ಅಟ್ಟೆಗೆ ಸುತ್ತಲೂ ಹೊಲಿಗೆ ಇತ್ತು, ಬೆಲೆ ಮೂವತ್ತೆರಡು. ಇನ್ನೊಂದರ ಅಟ್ಟೆಯನ್ನು ಬರೀ ಅಂಟು ಹಾಕಿ ಕೂಡಿಸಿದ್ದರು, ಬೆಲೆ ಹದಿನಾಲ್ಕು.

"ಹಾಕ್ಕೊಂಡು ನೋಡ್ಬಹುದಾ ರೀ?"

"ಆ ಕಾಲಾಗಾ? ಬಿಳೀ ಬೂಟು ಕಣವ್ವ ಅದು." ಅವನು ಹಳೆಯ ಪತ್ರಿಕೆಯೊಂದನ್ನು ನೆಲಕ್ಕೆ ಹಾಸಿದ. "ಇದ್ರ ಮೇಲೆ ನಿಂತ್ಕೋ. ಅಳತೆ ನಾನು ತಗೋತೀನಿ."

ಅವಳು ಪತ್ರಿಕೆಯ ಮೇಲೆ ನಿಂತಳು. ಅವನು ಬಗ್ಗದೆ, ಉದ್ದದ ಅಳತೆಕೋಲು ಚಾಚಿ ದೂರದಿಂದಲೇ ಅಳೆದ. ತನ್ನಲ್ಲಿದ್ದ ಹಣಕ್ಕೆ ದಕ್ಕುವುದು ಅಂಟಿನ ಜೊತೆಯೊಂದೇ ಎಂದು ಗಾದ್ರಮ್ಮನಿಗೆ ಗೊತ್ತಿತ್ತು. ಆದರೂ ಎರಡನ್ನೂ ಕೈಯಲ್ಲಿ ಹಿಡಿದು ತೂಗಿದಳು, ಅಟ್ಟೆಯನ್ನು ಬಗ್ಗಿಸಿ ನೋಡಿದಳು. ಅಂಟಿನದು ಹಗುರವಾಗಿತ್ತು. ಓಡುವುದಕ್ಕೆ ಹಗುರವಾದದ್ದೇ ಒಳ್ಳೆಯದು ಎಂದು ತನಗೆ ತಾನೇ ಹೇಳಿಕೊಂಡು ಕೊಂಡಳು. ಅದು ತಪ್ಪು ಆಯ್ಕೆಯೇನೂ ಅಲ್ಲ. ಎರಡು ಸುತ್ತು ಓಟಕ್ಕೆ ಆ ಬೂಟು ಧಾರಾಳವಾಗಿ ಸಾಕಾಗುತ್ತಿತ್ತು.

ಊರಿಗೆ ಬಂದು ಕೆರೆಯಂಗಳದಲ್ಲಿ ಓಡಿ ನೋಡಿದಳು. ಹುಟ್ಟಿದಾಗಿನಿಂದ ಬರಿಗಾಲಿನಲ್ಲಿ ನಡೆದವಳಿಗೆ ಪಾದದಡಿಯ ನೆಲವೇ ತಿಳಿಯದಾಯಿತು. ಅರ್ಧ ಸುತ್ತಿನಲ್ಲಿ ಹಿಮ್ಮಡಿಯ ಚರ್ಮ ಸುಲಿಯಿತು. ಕುಂಟುತ್ತ ಮನೆಗೆ ಬಂದವಳನ್ನು ಭೀಮಕ್ಕ ಜಗುಲಿಯ ಮೇಲೆ ಕುಳಿತು ನೋಡಿದಳು. ಸೊಸೆ ಕೆಲಸಕ್ಕೆ ಹೋಗುವ ಮಾತೆತ್ತಿದಂದಿನಿಂದ ಅವಳು ಮುಖ ಕೊಟ್ಟು ಮಾತಾಡಿರಲಿಲ್ಲ. ಅಂದು ತಾನಾಗಿಯೇ ಮಾತಾಡಿದಳು.

"ಕಚ್ತೈತೇನೆ?"

"ಹೂಂ ಅತ್ತೆ. ಬಿರುಸು ಐತೆ."

"ಹೊಸ ಮೆಟ್ಟಿಗೆ ಏನ್ ಮಾಡ್ತೀವಿ? ಎಣ್ಣೆ ಕುಡಿಸ್ತೀವಿ. ಇದಕ್ಕೂ ಕುಡಿಸು."

ಅದು ಆ ಸೀಮೆಯ ರೂಢಿ. ಹೊಸ ತೊಗಲಿನ ಮೆಟ್ಟು ಹಲಗೆಯಂತೆ ಬಿರುಸಾಗಿರುತ್ತದೆ. ಮೂರು ದಿನ ಹೊಂಗೆ ಎಣ್ಣೆ ಸವರಿ, ಅರಿವೆ ಸುತ್ತಿ, ಒಲೆಯ ಪಕ್ಕದ ಬಿಸಿಬೂದಿಯ ಮೇಲಿಟ್ಟರೆ ಬೆಣ್ಣೆಯಂತಾಗುತ್ತದೆ. ಗಾದ್ರಮ್ಮ ತನ್ನ ಗಂಡನ ಮೆಟ್ಟಿಗೆ ಎಷ್ಟೋ ಸಲ ಹಾಗೆ ಮಾಡಿದ್ದಳು. ಭೀಮಕ್ಕ ಒಳಗೆ ಹೋಗಿ ತಾನೇ ಎಣ್ಣೆಯ ಕುಡಿಕೆ ತಂದುಕೊಟ್ಟಳು. ಅತ್ತೆಯ ಮನಸ್ಸು ಕರಗಿತು ಎಂದು ಗಾದ್ರಮ್ಮನ ಕಣ್ಣು ತುಂಬಿ ಬಂತು. ಮೂರು ದಿನವೂ ಶ್ರದ್ಧೆಯಿಂದ ಎಣ್ಣೆ ಕುಡಿಸಿದಳು. ಬೂಟು ಹಳದಿಯಾಯಿತು, ಮೆತ್ತಗಾಯಿತು. ಅದು ಸವೆಯಬಾರದೆಂದು ಮತ್ತೆ ಓಡಿ ನೋಡದೆ, ಅರಿವೆಯಲ್ಲಿ ಕಟ್ಟಿಟ್ಟಳು.

ಓಟದ ದಿನ ಮೊದಲ ಬಸ್ಸಿಗೆ ಹೊರಟು, ದಾವಣಗೆರೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಹೊನ್ನಾಳಿ ಮುಟ್ಟಿದಳು. ಮೈದಾನದಲ್ಲಿ ನಲವತ್ತು ಹೆಂಗಸರು ಸೀರೆಯನ್ನು ಕಚ್ಚೆ ಹಾಕಿ ನಿಂತಿದ್ದರು. ಸುತ್ತಲೂ ಊರಿನ ಗಂಡಸರು ನೆರೆದಿದ್ದರು. ಗಿರಣಿಯ ಮೇಲ್ವಿಚಾರಕ ನಾಗರಾಜಪ್ಪ ಸೀಟಿ ಊದಿದ.

ಮೊದಲ ಸುತ್ತಿನಲ್ಲಿ ಗಾದ್ರಮ್ಮನ ಮುಂದೆ ಯಾರೂ ಇರಲಿಲ್ಲ. ಎರಡನೆಯ ಸುತ್ತಿನ ತಿರುವಿನಲ್ಲಿ ಎಡಗಾಲಿನ ಅಟ್ಟೆ ಬಾಯಿ ತೆರೆಯಿತು. ಹೆಜ್ಜೆಹೆಜ್ಜೆಗೂ ಪಟ್ಟ್ ಪಟ್ಟ್ ಎಂದು ನೆಲಕ್ಕೆ ಬಡಿಯತೊಡಗಿತು. ಗಂಡಸರು ಅದರ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು. ಅವಳು ಮುಗ್ಗರಿಸಿ ಬಿದ್ದಳು. ಮೊಣಕಾಲಿನ ಚರ್ಮ ಕಿತ್ತುಹೋಯಿತು. ಎದ್ದು, ಎರಡೂ ಬೂಟುಗಳನ್ನು ಒದರಿ ಎಸೆದು ಬರಿಗಾಲಿನಲ್ಲಿ ಓಡಿದಳು. ತನ್ನನ್ನು ಹಿಂದೆ ಹಾಕಿದ್ದ ಒಂಬತ್ತು ಮಂದಿಯಲ್ಲಿ ಎಂಟು ಮಂದಿಯನ್ನು ದಾಟಿ, ಎರಡನೆಯವಳಾಗಿ ಗೆರೆ ಮುಟ್ಟಿದಳು.

ನಾಗರಾಜಪ್ಪ ಅವಳ ಕಾಲನ್ನು ನೋಡಿದ. "ಬೂಟೆಲ್ಲಿ?"

"ಕಿತ್ತೋತು ರೀ. ಆದ್ರೂ ಎರಡನೇದಾಗಿ ಬಂದೀನಿ."

"ಬೂಟು ಹಾಕ್ಕೊಂಡೇ ಓಡ್ಬೇಕು ಅಂತ ಬರೆದಿತ್ತಲ್ಲ. ಓದಾಕೆ ಬರಲ್ವಾ?"

"ಬರ್ತೈತೆ ರೀ."

"ಬರೋದಾದ್ರೆ ಇನ್ನೂ ತಪ್ಪು. ಪಕ್ಕಕ್ಕೆ ನಿಂತ್ಕೋ." ಅವನು ಏಳನೆಯವಳಾಗಿ ಬಂದಿದ್ದ ಸವಳಂಗದ ಹೆಂಗಸನ್ನು ಕೂಗಿ ಪಟ್ಟಿಗೆ ಸೇರಿಸಿಕೊಂಡ. ಆ ಹೆಂಗಸು ಗಾದ್ರಮ್ಮನ ಕಡೆ ನೋಡದೆಯೇ ಸಹಿ ಹಾಕಿದಳು.

ಗುಂಪಿನಲ್ಲಿದ್ದ ಒಬ್ಬ ಬೂಟನ್ನು ಎತ್ತಿ ಮೂಸಿ ನೋಡಿದ. "ಹೊಂಗೆ ಎಣ್ಣೆ ಕಣ್ರಲೇ. ತಗೊಂಡು ಹೋಗಮ್ಮ, ಹಟ್ಟಿಯಾಗೆ ದೀಪ ಹಚ್ಚಾಕೆ ಆಗ್ತೈತೆ." ಮತ್ತೆ ನಗು. ಗಾದ್ರಮ್ಮ ಅವನ ಕೈಯಿಂದ ಬೂಟನ್ನು ಇಸಿದುಕೊಂಡಳು.

ಸಂಜೆ ಬಿಳಿಚೋಡಿನಲ್ಲಿ ಇಳಿದಾಗ ಸೈಕಲ್ ರಿಪೇರಿಯ ಸಣ್ಣಪ್ಪ ಅವಳ ಕೈಯಲ್ಲಿದ್ದುದನ್ನು ನೋಡಿ ಕರೆದ. ಅಟ್ಟೆಯನ್ನು ಉಗುರಿನಿಂದ ಒತ್ತಿದ. ಉಬ್ಬಿದ ರಬ್ಬರ್ ಬೆಂದ ಗೆಣಸಿನಂತೆ ಕಿತ್ತು ಬಂತು.

"ಎಣ್ಣೆ ಹಾಕ್ದಾ? ತೊಗಲಿಗೆ ಹಾಕೋದು ಕಣವ್ವ ಅದು. ರಬ್ಬರ್ರಿಗೆ, ಅಂಟಿಗೆ ಎಣ್ಣೆ ತಾಕಿದ್ರೆ ಮುಗೀತು."

"ನಂಗೇನ್ ಗೊತ್ತಣ್ಣ."

"ನಿಮ್ಮತ್ತೆಗೆ ಗೊತ್ತಲ್ಲ. ಹೋದ ಸುಗ್ಗಿಯಾಗೆ ಹವಾಯಿ ಚಪ್ಲಿಗೆ ಎಣ್ಣೆ ಸವರಿ ಹಾಳು ಮಾಡ್ಕೊಂಡು ನನ್ನ ಹತ್ರಾನೇ ತಂದಿದ್ಲು. ನಾನೇ ಹೇಳಿ ಕಳಿಸಿದ್ದೆ."

ಗಾದ್ರಮ್ಮ ಮನೆಗೆ ಬಂದಳು. ಭೀಮಕ್ಕ ಜಗುಲಿಯ ಮೇಲೆ ಇದ್ದಳು.

"ಎಣ್ಣೆ ಹಾಕಿದ್ರೆ ಕಿತ್ತೋಗ್ತೈತೆ ಅಂತ ನಿಂಗೆ ಗೊತ್ತಿತ್ತಾ ಅತ್ತೆ?"

"ಗೊತ್ತಿತ್ತು." ಮುದುಕಿ ತಡವರಿಸಲಿಲ್ಲ. "ನೀ ಹೋಗಿದ್ರೆ ನನ್ನ ಗತಿ ಏನು? ಮಗ ಹೋದ, ಸೊಸೆನೂ ಹೋಗ್ಲಿ ಅಂತ ಕೂತಿರ್ಬೇಕಿತ್ತಾ?"

"ನಿನ್ನೂ ಕರ್ಕೊಂಡು ಹೋಗ್ತಿದ್ದೆ. ಆ ಕೋಣೆಯಾಗೆ ಇಬ್ರು ಮಲಗಬಹುದಿತ್ತು."

"ಮತ್ತೆ ಕುರಿ?"

"ಮಾರ್ತಿದ್ವಿ."

"ಅದಕ್ಕೇ," ಎಂದಳು ಭೀಮಕ್ಕ. "ಮುದ್ದೆ ಮುಚ್ಚಿಟ್ಟೀನಿ. ಉಣ್ಣು."

ಗಾದ್ರಮ್ಮ ಆ ದಿನ ಉಣ್ಣಲಿಲ್ಲ. ಮಾರನೆಯ ದಿನ ಉಂಡಳು, ಹಿಂಡಿನ ಹಿಂದೆ ನಡೆಯಬೇಕಿತ್ತಲ್ಲ.

ಭೀಮಕ್ಕ ಇನ್ನೂ ಆರು ವರ್ಷ ಬದುಕಿದಳು. ಕೊನೆಯ ಎರಡು ವರ್ಷ ಹಾಸಿಗೆಯಲ್ಲಿಯೇ. ಅವಳ ಮೈ ತೊಳೆದವಳು, ತಲೆ ಬಾಚಿದವಳು, ಹೊಲಸು ಬಳಿದವಳು ಗಾದ್ರಮ್ಮನೇ. ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಊರೆಲ್ಲ ಹೊಗಳಿತು. ಆದರೆ ಆ ಸಂಜೆಯ ನಂತರ ಸೊಸೆ ಅತ್ತೆಯೊಡನೆ ಒಂದು ಮಾತನ್ನೂ ಆಡಿರಲಿಲ್ಲ. "ಬೈದಾದ್ರೂ ಬೈಯೇ ತಾಯಿ, ನಿನ್ನ ದನಿ ಕೇಳ್ತೀನಿ" ಎಂದು ಮುದುಕಿ ಅಳುತ್ತಿದ್ದಳು. ಗಾದ್ರಮ್ಮ ಅವಳ ಬಾಯಿಗೆ ಒಂದು ತುತ್ತು ಇಟ್ಟು, ಅದನ್ನು ನುಂಗುವವರೆಗೆ ತಾಳ್ಮೆಯಿಂದ ಕಾದು, ಇನ್ನೊಂದು ತುತ್ತು ಕಲಸುತ್ತಿದ್ದಳು.