ಕುರಿ ದಲ್ಲಾಳಿಯ ಹೆಬ್ಬೆರಳು

ಬಂಡೂರು ಕುರಿ ಕೊಳ್ಳಲು ನಮ್ಮೂರಿಗೆ ಬರುತ್ತಿದ್ದ ದಲ್ಲಾಳಿ, ಕಣ್ಣಿಗಿಂತ ತಮ್ಮ ಹೆಬ್ಬೆರಳನ್ನೇ ನಂಬುತ್ತಿದ್ದರು. ಅದನ್ನು ಕುರಿಯ ಬಾಯಿಗೆ ತೂರಿಸಿ, ಹಲ್ಲು ಸವರಿ ಪ್ರಾಯ ಹೇಳುತ್ತಿದ್ದರು. ಹೆಗಲ ಟವೆಲ್ಲಿಗೆ ಒರೆಸಿಕೊಂಡು ಮುಂದಿನ ಕುರಿಗೆ ಕೈ ಹಾಕುತ್ತಿದ್ದರು. “ಬಾಯಿ ನೋಡ್ದೆ ಯಾಪಾರ ಇಲ್ಲ ಕಣಮ್ಮ” ಎನ್ನುವುದು ಅವರ ಮಾತು.

ಆ ದಿನ ನಮ್ಮ ಕೊಟ್ಟಿಗೆಯ ನಾಲ್ಕನೆಯ ಕುರಿಯ ಬಾಯಲ್ಲಿ ಬೆರಳಿದ್ದಾಗ ಅವರಿಗೆ ಫೋನು ಬಂತು. ಮದ್ದೂರು ಕಡೆಯ ರೈತನೊಬ್ಬ ಕೂಗುತ್ತಿದ್ದುದು ನನಗೂ ಕೇಳಿಸಿತು: “ಬೆಳಗ್ಗೆ ನೀನು ಬಾಯಿ ನೋಡ್ದಲ್ಲ, ಆಗ್ಲೇ ಮಂಕಾಗಿದ್ದ ಆ ಕುರಿ ಬಾಯೆಲ್ಲ ಉಣ್ಣಾಗಿ ಸತ್ತೋಯ್ತು ಕಣ್ಲಾ! ಮಿಕ್ಕವೂ ಮೇವು ಬುಟ್ಟವೆ.”

ಬೆರಳು ಹೊರಬಂತು. ಟವೆಲ್ಲಿನತ್ತ ಹೋದ ಕೈ ನಡುವೆಯೇ ನಿಂತಿತು. ಕುರಿ ಬಿಡಿಸಿಕೊಂಡು ಹೋಗಿ, ಎಲ್ಲ ಕುರಿಗಳೂ ನೀರು ಕುಡಿಯುವ ಬಾನಿಗೆ ಬಾಯಿಟ್ಟಿತು.

“ಬೆಳಗ್ಗಿಂದ ಇದು ಆರ್ನೇ ಅಳ್ಳಿ ಕಣಮ್ಮ” ಎಂದರು.